ಬಾಲ್ಟಿಕ್ ಕೆಸರಿಗೆ ಬಂದ ಹುಳ

ಹಿಂದಿನ ಸಾರಿ ಕಾಳಿಂದಿ ಕುಂಜ್ ಹತ್ತಿರ ಯಮುನೆಯಲ್ಲಿ ಏಳೋ ನೊರೆ ಬಗ್ಗೆ ಮಾತಾಡಿದ್ದೆ. ಆಮೇಲೆ ಗುರುಗ್ರಾಮದಿಂದ ಒಬ್ಬರು ಪ್ರಶ್ನೆ ಕಳಿಸಿದರು: "ಸಾರ್, ಡಿಟರ್ಜೆಂಟು, ಚರಂಡಿ, ಗೊಬ್ಬರ, ಎಲ್ಲದರ ಫಾಸ್ಫೇಟ್ ನೀರಿಗೆ ಸೇರುತ್ತೆ ಅಂದ್ರಿ. ಸೇರಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ?" ಒಳ್ಳೇ ಪ್ರಶ್ನೆ. ಅದರಲ್ಲಿ ದೊಡ್ಡ ಪಾಲು ತಳದ ಕೆಸರಿಗೆ ಹೋಗುತ್ತೆ. ಹೋದದ್ದು ಅಲ್ಲೇ ಇರುತ್ತಾ, ಮತ್ತೆ ಮೇಲೆ ಬರುತ್ತಾ ಅನ್ನೋದನ್ನು ತೀರ್ಮಾನ ಮಾಡುವವರಲ್ಲಿ ಹುಳಗಳೂ ಇವೆ. ಇವತ್ತಿನ ಮಾತು ಅಂಥ ಒಂದು ಹುಳದ ಬಗ್ಗೆ. ಅದು ಎಲ್ಲಿಂದಲೋ ಬಂದು ಒಂದು ಇಡೀ ಸಮುದ್ರದ ತಳದಲ್ಲಿ ನೆಲೆ ಊರಿಬಿಟ್ಟಿದೆ.

ನಾನಿರೋದು ಫರೀದಾಬಾದ್‌ನಲ್ಲಿ. ಇಲ್ಲಿಂದ ಸಮುದ್ರ ನೋಡಬೇಕು ಅಂದರೆ ರಾತ್ರಿಯಿಡೀ ರೈಲಲ್ಲಿ ಕೂರಬೇಕು. ಆದರೆ ಕೆಸರಿಗೆ ಬರ ಇಲ್ಲ. ಓಖ್ಲಾದಿಂದ ಬರುವ ಆಗ್ರಾ ಕಾಲುವೆ ಊರಿನ ಪಕ್ಕದಲ್ಲೇ ಹರಿಯುತ್ತೆ. ಎರಡು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅದರ ಅಂಚಿನಿಂದ ಎರಡು ಉಪ್ಪಿನಕಾಯಿ ಜಾಡಿ ತುಂಬ ಕೆಸರು ತಂದೆ. ಗಾಜಿನ ಜಾಡಿ, ಒಳಗಿದ್ದದ್ದು ಕಾಣಬೇಕಲ್ಲ. ಮನೆಯಲ್ಲಿ ಏನು ಮಾತು ಕೇಳಿಸಿಕೊಂಡೆ ಅನ್ನೋದನ್ನು ಇಲ್ಲಿ ಹೇಳಲ್ಲ. ಕೆಸರು ಕಡುಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಎರಡಕ್ಕೂ ಮೇಲೆ ನೀರು ಹಾಕಿ ಬಾಲ್ಕನಿಯಲ್ಲಿಟ್ಟೆ. ಒಂದಕ್ಕೆ ಮಾತ್ರ ಅಕ್ವೇರಿಯಂ ಅಂಗಡಿಯಿಂದ ತಂದ ಟ್ಯುಬಿಫೆಕ್ಸ್ ಹುಳ ಬಿಟ್ಟೆ. ಮೀನಿಗೆ ಹಾಕ್ತಾರಲ್ಲ, ಕೆಂಪು ದಾರದ ಉಂಡೆ ಥರ ಇರುತ್ತೆ, ಅದೇ.

ಹುಳ ಇಲ್ಲದ ಜಾಡಿಯಲ್ಲಿ ಕೆಲವೇ ದಿನಗಳಲ್ಲಿ ಕೆಸರಿನ ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿತು. ತೆಳ್ಳಗೆ, ದೋಸೆಯಷ್ಟೂ ದಪ್ಪ ಇಲ್ಲ. ಕೆಳಗೆಲ್ಲ ಹಾಗೇ ಕಪ್ಪು. ಹುಳ ಇದ್ದ ಜಾಡಿಯಲ್ಲಿ ಬೇರೆಯೇ ಕಥೆ. ಟ್ಯುಬಿಫೆಕ್ಸ್ ತಲೆ ಕೆಳಗೆ ಹಾಕಿ, ಬಾಲ ಮೇಲೆತ್ತಿ ಅಲ್ಲಾಡಿಸ್ತಾ ಕೂರುತ್ತೆ. ಕೆಳಗಿನ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕುತ್ತೆ. ಅಂದರೆ ತಳದ ಮಣ್ಣನ್ನು ಮೇಲಕ್ಕೆ ಸಾಗಿಸೋ ಕನ್ವೇಯರ್ ಬೆಲ್ಟ್. ಮೂರು ವಾರಕ್ಕೆ ಮೇಲೆ ಸಣ್ಣ ಸಣ್ಣ ಕಾಳಿನ ಒಂದು ಪದರವೇ ಬಿತ್ತು, ಮತ್ತು ಗಾಜಿಗೆ ತಾಗಿದ್ದ ಬಿಲಗಳ ಸುತ್ತ ಕಪ್ಪಿನ ನಡುವೆ ಕಂದು ಗೆರೆಗಳು ಇಳಿದವು. ನನ್ನ ಇವತ್ತಿನ ಇಡೀ ಮಾತು ಆ ಕಂದು ಗೆರೆಗಳ ಬಗ್ಗೆಯೇ.

ಆ ಕಂದು ಏನು? ತುಕ್ಕು. ಕೆಸರಿನಲ್ಲಿ ಕಬ್ಬಿಣ ಇರುತ್ತೆ. ಆಮ್ಲಜನಕ ಸಿಕ್ಕಿದರೆ ಅದು ತುಕ್ಕಾಗುತ್ತೆ. ತುಕ್ಕಿಗೆ ಒಂದು ಗುಣ ಇದೆ: ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತೆ. ಆಮ್ಲಜನಕ ಇರೋವರೆಗೆ ಈ ಬೀಗ ಗಟ್ಟಿ. ಆಮ್ಲಜನಕ ಮುಗಿದರೆ ತುಕ್ಕು ಕರಗುತ್ತೆ, ಫಾಸ್ಫೇಟ್ ಬಿಡುಗಡೆಯಾಗಿ ಮತ್ತೆ ನೀರಿಗೆ ಬರುತ್ತೆ. ಅಷ್ಟೇ ಅಲ್ಲ, ಆಮ್ಲಜನಕ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟ್ ಬಳಸಿ ಬದುಕುತ್ತವೆ, ಅವು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಆ ಸಲ್ಫೈಡು ಕಬ್ಬಿಣವನ್ನು ಹಿಡಿದು ಕಪ್ಪು ಪದಾರ್ಥ ಮಾಡಿಬಿಡುತ್ತೆ. ಕಪ್ಪಾದ ಕಬ್ಬಿಣ ಫಾಸ್ಫೇಟ್ ಹಿಡಿಯೋ ಕೆಲಸಕ್ಕೆ ಬರಲ್ಲ. ಹಾಗಾಗಿ ಕೆಸರಿನ ಬಣ್ಣ ನೋಡಿಯೇ ಅರ್ಧ ಲೆಕ್ಕ ಹೇಳಬಹುದು. ಕಂದು ಅಂದರೆ ಬೀಗ ಹಾಕಿದೆ, ಕಪ್ಪು ಅಂದರೆ ಬೀಗ ಮುರಿದಿದೆ. ಇದು ಸಮುದ್ರಕ್ಕೂ ಸರಿ, ಸಮುದ್ರದಲ್ಲಿ ಸಲ್ಫೇಟ್ ಜಾಸ್ತಿ ಇರೋದರಿಂದ ಇನ್ನೂ ಸರಿ.

ಈಗ ಬಾಲ್ಟಿಕ್‌ಗೆ ಹೋಗೋಣ. ಸ್ಟಾಕ್‌ಹೋಮ್‌ಗೋ ಹೆಲ್ಸಿಂಕಿಗೋ ಆನ್‌ಸೈಟ್ ಹೋಗಿ ಬಂದವರು ನಿಮ್ಮಲ್ಲೇ ಇದ್ದೀರಿ. ಬೇಸಿಗೆಯಲ್ಲಿ ಅಲ್ಲಿನ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಹರಡಿರೋದನ್ನು ನೋಡಿರಬಹುದು. ಬಾಲ್ಟಿಕ್ ಒಂದು ವಿಚಿತ್ರ ಸಮುದ್ರ. ಹೊರಗಿನ ಸಾಗರಕ್ಕೆ ಡೆನ್ಮಾರ್ಕ್ ಹತ್ತಿರ ಇಕ್ಕಟ್ಟಾದ ಬಾಗಿಲು ಮಾತ್ರ. ನದಿಗಳ ಸಿಹಿನೀರು ಸೇರಿ ಸೇರಿ ಬಹುಪಾಲು ಕಡೆ ಮೇಲಿನ ನೀರಿನ ಉಪ್ಪು ಸಾಗರದ ಐದನೇ ಒಂದು ಭಾಗದಷ್ಟೇ. ಕೆಳಗೆ ಉಪ್ಪು ಜಾಸ್ತಿ ಇರುವ ಭಾರದ ನೀರು, ಮೇಲೆ ಹಗುರ ನೀರು. ಎರಡೂ ಬೆರೆಯಲ್ಲ, ಹಾಗಾಗಿ ತಳಕ್ಕೆ ಗಾಳಿ ಆಡಲ್ಲ. ಇದರ ಮೇಲೆ ಒಂದು ಶತಮಾನದಿಂದ ಹೊಲದ ಗೊಬ್ಬರ, ಊರಿನ ಚರಂಡಿ. ಸುಮಾರು 5,000 ಚದರ ಕಿಲೋಮೀಟರ್ ಇದ್ದ ಆಮ್ಲಜನಕ ಕೊರತೆಯ ತಳ ಒಂದು ಶತಮಾನದಲ್ಲಿ 60,000 ದಾಟಿತು. ನಮ್ಮ ಕರ್ನಾಟಕದ ಸುಮಾರು ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ.

ಇಲ್ಲೊಂದು ವಿಷವರ್ತುಲ ಇದೆ. ತಳದಲ್ಲಿ ಆಮ್ಲಜನಕ ಇಲ್ಲ, ಬೀಗ ಮುರಿದು ಫಾಸ್ಫೇಟ್ ಮೇಲೆ ಬರುತ್ತೆ, ಅದನ್ನು ತಿಂದು ಪಾಚಿ ಬೆಳೆಯುತ್ತೆ, ಪಾಚಿ ಸತ್ತು ತಳಕ್ಕೆ ಬೀಳುತ್ತೆ, ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ತಿಂದು ಹಾಕುತ್ತೆ. ಮತ್ತೆ ಮೊದಲಿಂದ. ಸುತ್ತಲಿನ ದೇಶಗಳು 1974ರಲ್ಲೇ ಹೆಲ್ಸಿಂಕಿಯಲ್ಲಿ ಒಪ್ಪಂದ ಮಾಡಿಕೊಂಡು, ಹೊರಗಿನಿಂದ ಬರೋ ಕೊಳೆಯನ್ನು ಬಹಳ ಮಟ್ಟಿಗೆ ಕಮ್ಮಿ ಮಾಡಿದವು. ಆದರೂ ಪಾಚಿ ನಿಲ್ಲಲಿಲ್ಲ. ಯಾಕೆಂದರೆ ಹಳೇ ಸಾಲ ತಳದಲ್ಲಿ ಕೂತಿದೆ.

ಇಂಥ ಸಮುದ್ರಕ್ಕೆ 1980ರ ದಶಕದಲ್ಲಿ ಒಂದು ಹುಳ ಬಂತು. ಮಾರೆಂಜೆಲ್ಲೇರಿಯಾ ಅಂತ ಕುಲದ ಹೆಸರು. ಎರೆಹುಳದ ದೂರದ ನೆಂಟ, ತೆಳ್ಳಗೆ, ಬೆರಳುದ್ದ, ತಲೆಯ ಹತ್ತಿರ ಎರಡು ಮೀಸೆ. ಆ ಮೀಸೆ ಹೊರಗೆ ಹಾಕಿ ಮೇಲಿನ ಕಸ ಬಳಿದು ತಿನ್ನುತ್ತೆ. ಮೂಲ ಉತ್ತರ ಅಮೆರಿಕ ಮತ್ತು ಆರ್ಕ್ಟಿಕ್ ಕಡೆಯದು. 1985ರಲ್ಲಿ ಜರ್ಮನಿಯ ಬಾಲ್ಟಿಕ್ ತೀರದಲ್ಲಿ ಸಿಕ್ಕಿತು. ಐದಾರು ವರ್ಷದಲ್ಲಿ ಫಿನ್ಲೆಂಡ್ ಮುಟ್ಟಿತು. ಹಡಗಿನ ಹೊಟ್ಟೆಯಲ್ಲಿ ತುಂಬೋ ಬ್ಯಾಲಾಸ್ಟ್ ನೀರಿನಲ್ಲಿ ಬಂದಿರಬೇಕು ಅನ್ನೋದು ಸಾಮಾನ್ಯ ಅಭಿಪ್ರಾಯ. ಇದರ ಮರಿ ವಾರಗಟ್ಟಲೆ ನೀರಿನಲ್ಲಿ ತೇಲಿಕೊಂಡು ಬದುಕಬಲ್ಲದು, ಆ ಪ್ರಯಾಣಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದೇ ಹುಳ ಅಂತ ಎಲ್ಲರೂ ಅಂದುಕೊಂಡಿದ್ದರು. ಡಿಎನ್ಎ ನೋಡಿದಾಗ ಮೂರು ಬೇರೆ ಬೇರೆ ಜಾತಿ ಅಂತ ಗೊತ್ತಾಯಿತು. ಕಣ್ಣಿಗೆ ಮೂರೂ ಒಂದೇ, ಸ್ವಭಾವ ಬೇರೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಹುಳ ಯಾಕೆ ಅಷ್ಟು ಮುಖ್ಯ? ಆಳ. ಉತ್ತರ ಬಾಲ್ಟಿಕ್‌ನಲ್ಲಿ ಉಪ್ಪು ಕಮ್ಮಿ ಅಂತ ತಳದಲ್ಲಿ ಬದುಕೋ ಜಾತಿಗಳೇ ಬೆರಳೆಣಿಕೆ. ಇದ್ದ ಸಣ್ಣ ಸೀಗಡಿಯಂಥ ಪ್ರಾಣಿ ಕೆಸರಿನ ಮೇಲಿನ ನಾಲ್ಕೈದು ಸೆಂಟಿಮೀಟರ್ ಕೆದಕುತ್ತಿತ್ತು. ಮಾರೆಂಜೆಲ್ಲೇರಿಯಾ ಇಪ್ಪತ್ತು, ಕೆಲವು ಕಡೆ ಮೂವತ್ತು ಸೆಂಟಿಮೀಟರ್ ಇಳಿಯುತ್ತೆ. ಒಂದು ಚದರ ಮೀಟರಿಗೆ ಸಾವಿರಗಟ್ಟಲೆ ಇರುತ್ತೆ. ನಿಮ್ಮ ಡೈನಿಂಗ್ ಟೇಬಲ್ ಅಗಲದ ಜಾಗದಲ್ಲಿ ಸಾವಿರಾರು ಬೋರ್‌ವೆಲ್ ಅಂದುಕೊಳ್ಳಿ, ಒಂದೊಂದೂ ನೀರನ್ನು ಒಳಗೆ ಹೊರಗೆ ಪಂಪ್ ಮಾಡ್ತಾ ಇದೆ. ಆ ಕೆಲಸ ಮಾಡೋರು ಆ ಸಮುದ್ರದಲ್ಲಿ ಮೊದಲು ಇರಲೇ ಇಲ್ಲ. ಸಾಮಾನ್ಯವಾಗಿ ಹೊರಗಿನ ಜೀವಿ ಬಂದಾಗ ಯಾರ ಊಟ ಕಿತ್ತುಕೊಂಡಿತು, ಯಾರನ್ನು ತಿಂದಿತು ಅಂತ ಕೇಳ್ತೀವಿ. ಇಲ್ಲಿ ಕೇಳಬೇಕಾದ್ದು ನೆಲದ ರಸಾಯನಶಾಸ್ತ್ರ ಏನಾಯಿತು ಅಂತ.

2012ರಲ್ಲಿ ಯೊಆನ್ನಾ ನೊರ್ಕೊ ಮತ್ತು ಸಂಗಡಿಗರು ಒಂದು ಪ್ರಬಂಧ ಬರೆದರು. ಶೀರ್ಷಿಕೆಯಲ್ಲೇ ಒಂದು ಚೇಷ್ಟೆ: ಈ ಹುಳಗಳ ಡಬ್ಬಿ ಸ್ವಾಗತಕ್ಕೆ ಯೋಗ್ಯವಾ ಅನ್ನೋ ಅರ್ಥದ ಪ್ರಶ್ನೆ. ಸ್ಟಾಕ್‌ಹೋಮ್ ಸುತ್ತಲಿನ ದ್ವೀಪಸಮೂಹದ ನೀರಿನಲ್ಲಿ ತಳದ ಸ್ಥಿತಿ ಸುಧಾರಿಸಿದ್ದಕ್ಕೂ ಹುಳ ಬಂದದ್ದಕ್ಕೂ ಸಂಬಂಧ ಇದೆಯಾ ಅಂತ ಅವರು ಮಾದರಿ ಕಟ್ಟಿ ನೋಡಿದರು. ವಾದ ಹೀಗೆ: ಬಿಲಗಳ ಮೂಲಕ ಆಮ್ಲಜನಕ ಆಳಕ್ಕೆ ಹೋದರೆ ತುಕ್ಕಿನ ಪದರ ದಪ್ಪ ಆಗುತ್ತೆ. ನನ್ನ ಜಾಡಿಯ ಕಂದು ಗೆರೆಗಳು, ಅದೇ. ಪದರ ದಪ್ಪ ಆದರೆ ಫಾಸ್ಫೇಟ್ ಹೆಚ್ಚು ಹಿಡಿಯುತ್ತೆ. ಪಾಚಿಗೆ ಊಟ ಕಮ್ಮಿ. ವಿಷವರ್ತುಲ ತಿರುಗುಮುರುಗು ಆಗಿ ತಳ ಚೇತರಿಸಿಕೊಳ್ಳಬಹುದು. ಎರಡು ವರ್ಷದ ನಂತರ ರಷ್ಯಾದ ಸಂಶೋಧಕರು ಫಿನ್ಲೆಂಡ್ ಕೊಲ್ಲಿಯ ಪೂರ್ವದ ತುದಿ, ಅಂದರೆ ಸೇಂಟ್ ಪೀಟರ್ಸ್‌ಬರ್ಗ್ ಕಡೆಯ ನೀರಿನ ಬಗ್ಗೆ ಬರೆದಾಗಲೂ ಹೆಚ್ಚುಕಮ್ಮಿ ಇದೇ ದಿಕ್ಕು. ಆರ್ಕ್ಟಿಕ್ ಜಾತಿಯ ಹುಳ ಏಕಾಏಕಿ ಹೆಚ್ಚಿದ ಮೇಲೆ ಅಲ್ಲಿ ಸಾರಜನಕ ಮತ್ತು ರಂಜಕದ ಅನುಪಾತವೇ ಬದಲಾಯಿತು, ಇಡೀ ವ್ಯವಸ್ಥೆಯ ಸ್ಥಿತಿಯೇ ಪಲ್ಲಟವಾಯಿತು ಅಂತ ಅವರ ವಾದ.

ಇದೇ ಊರುಗಳಲ್ಲಿ ಮನುಷ್ಯರು ಇದೇ ಕೆಲಸಕ್ಕೆ ಎಷ್ಟು ದುಡ್ಡು ಸುರಿಯುತ್ತಾರೆ ಅಂತ ನೋಡಿ. ಸ್ಟಾಕ್‌ಹೋಮ್ ಹತ್ತಿರದ ಬ್ಯೋರ್ನೊಫ್ಯಾರ್ಡೆನ್ ಅನ್ನೋ ಸಣ್ಣ ಕೊಲ್ಲಿಯಲ್ಲಿ 2012 ಮತ್ತು 2013ರ ಬೇಸಿಗೆಯಲ್ಲಿ ದೋಣಿಯಿಂದ ಕೆಸರಿನೊಳಕ್ಕೆ ಅಲ್ಯೂಮಿನಿಯಂ ದ್ರಾವಣ ಚುಚ್ಚಿದರು, ಫಾಸ್ಫೇಟ್ ಗಟ್ಟಿಯಾಗಿ ಹಿಡಿದಿಡಲಿ ಅಂತ. ಹುಳ ಬಿಟ್ಟಿ ಕೆಲಸ ಮಾಡ್ತಿದೆ ಅಂದರೆ ಯಾರಿಗೆ ಖುಷಿ ಆಗಲ್ಲ?

ನನಗೂ ಆಯಿತು. ಇಲ್ಲಿಗೇ ನಿಲ್ಲಿಸಿ ಒಂದು ಚೆಂದದ ವಿಡಿಯೋ ಮಾಡಿಬಿಡಬಹುದಿತ್ತು. ಆದರೆ ಉಳಿದದ್ದನ್ನು ಓದಿದ ಮೇಲೆ ಆಗಲಿಲ್ಲ.

ಮೊದಲನೇದು, ಕಾಲ. ಮುಚ್ಚಿಟ್ಟ ಗೋಡೌನಿನ ಬಾಗಿಲು ತೆಗೆದ ಮೊದಲ ದಿನ ಹೊಸ ಗಾಳಿ ಒಳಗೆ ಹೋಗೋದಕ್ಕಿಂತ ಹಳೇ ವಾಸನೆ ಹೊರಗೆ ಬರೋದೇ ಜಾಸ್ತಿ. ಹುಳ ಹೊಸದಾಗಿ ಕೊರೆದಾಗ ಆಳದ ರಂಧ್ರಗಳಲ್ಲಿ ನಿಂತಿದ್ದ ಅಮೋನಿಯಂ, ಫಾಸ್ಫೇಟ್ ಮೇಲಿನ ನೀರಿಗೆ ಬರುತ್ತೆ. ಫಿನ್ಲೆಂಡ್‌ನಲ್ಲಿ ಪ್ರಯೋಗಾಲಯದ ಟ್ಯಾಂಕ್‌ಗಳಲ್ಲಿ ನೋಡಿದಾಗ ಇಂಥದ್ದೇ ಕಂಡಿತು, ಪರಿಣಾಮ ಗೋಜಲು ಅಂತ 2007ರಲ್ಲೇ ಬರೆದಿದ್ದರು. ಬೀಗ ಗಟ್ಟಿ ಆಗೋದು ಆಮೇಲೆ, ಅದೂ ಕೆಸರಿನಲ್ಲಿ ಸಾಕಷ್ಟು ಕಬ್ಬಿಣ ಇದ್ದರೆ, ಮೇಲಿನ ನೀರಿನಲ್ಲಿ ಆಮ್ಲಜನಕ ಇದ್ದರೆ. ನೀರಿನಲ್ಲೇ ಇಲ್ಲದ್ದನ್ನು ಹುಳ ಪಂಪ್ ಮಾಡೋದು ಹೇಗೆ? ನಿಜವಾಗಿ ಸತ್ತ ತಳದಲ್ಲಿ ಅದೂ ಇರಲ್ಲ. ಅಂಚಿನಲ್ಲಿರೋ ರೋಗಿಗೆ ಮಾತ್ರ ಈ ಔಷಧಿ.

ಎರಡನೇದು, ಬಿಲದ ಆಕಾರ. ಡೆನ್ಮಾರ್ಕ್‌ನ ಒಂದು ತಂಡ ಇದನ್ನು ಸೊಗಸಾಗಿ ಬಿಡಿಸಿ ತೋರಿಸಿತು. ಅಲ್ಲಿನ ಸ್ಥಳೀಯ ಹುಳ ಕೊಳವೆಯನ್ನು ಎರಡು ಬಾಯಿ ಇಟ್ಟು ಕೊರೆಯುತ್ತೆ. ಒಂದು ಕಡೆಯಿಂದ ನೀರು ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ವಿರಿಡಿಸ್ ಅನ್ನೋ ಜಾತಿಯ ಮಾರೆಂಜೆಲ್ಲೇರಿಯಾ ಬಿಲಕ್ಕೆ ಒಂದೇ ಬಾಯಿ, ತಳ ಮುಚ್ಚಿದೆ. ಅದು ನೀರು ನೂಕಿದರೆ ಆ ನೀರು ಸುತ್ತಲಿನ ಮರಳೊಳಗೆ ನುಗ್ಗಿ, ಅಲ್ಲಿದ್ದ ಸಲ್ಫೈಡ್ ತುಂಬಿದ ನೀರನ್ನು ಮೇಲ್ಮೈಗೆ ತಳ್ಳುತ್ತೆ. ಅಕ್ಕಪಕ್ಕದ ಪ್ರಾಣಿಗಳಿಗೆ ಅದು ವಿಷ. ಅದೇ ಕುಲದ ಹುಳ ಒಂದು ಕಡೆ ಕೆಸರನ್ನು ಕಂದು ಮಾಡುತ್ತೆ, ಇನ್ನೊಂದು ಕಡೆ ಕಪ್ಪಿನ ರಸವನ್ನು ಮೇಲೆ ತರುತ್ತೆ. ಜಾತಿ ಬೇರೆ, ಮಣ್ಣು ಬೇರೆ, ಫಲಿತಾಂಶ ಬೇರೆ. ಅದಕ್ಕೇ ಹೇಳಿದ್ದು ಮೂರು ಜಾತಿ ಅಂತ ನೆನಪಿಡಿ ಅಂತ.

ಮೂರನೇದು ನನ್ನನ್ನು ಹೆಚ್ಚು ಕಾಡಿದ್ದು. ಬಾಲ್ಟಿಕ್ ತಳದಲ್ಲಿ ಫಾಸ್ಫೇಟ್ ಮಾತ್ರ ಹೂತಿಲ್ಲ. ಕಾರ್ಖಾನೆಗಳು ಎಗ್ಗಿಲ್ಲದೆ ಬಿಟ್ಟ ಕಾಲದ ಪಿಸಿಬಿ ಥರದ ವಿಷಗಳೂ ಇವೆ. ನಿಷೇಧವಾದ ಮೇಲೆ ಹೊಸ ಹೂಳು ಬಿದ್ದು ಅವು ಕೆಳಗೆ ಹೋಗಿದ್ದವು. ನಾಲ್ಕು ಸೆಂಟಿಮೀಟರ್ ಕೆದಕುವ ಪ್ರಾಣಿಗಳ ಕೈಗೆ ಸಿಗದಷ್ಟು ಕೆಳಗೆ. ಮೂವತ್ತು ಸೆಂಟಿಮೀಟರ್ ಕೊರೆಯುವವನಿಗೆ ಸಿಗುತ್ತೆ. ಹೂತಿಟ್ಟ ಇಂಥ ವಿಷ ಈ ಹುಳದಿಂದ ಹೆಚ್ಚಾಗಿ ಮೇಲೆ ಬರುತ್ತೆ ಅಂತ ಸ್ವೀಡನ್ನಿನ ಪ್ರಯೋಗಗಳು ತೋರಿಸಿದವು. ನೀರು ತಿಳಿಯಾಗಿ ಕಾಣಬಹುದು, ಮೀನಿನೊಳಗೆ ಏನಿದೆ ಅನ್ನೋದು ಬೇರೆ ಲೆಕ್ಕ.

ಹಾಗಾದರೆ ಹುಳ ಒಳ್ಳೇದಾ ಕೆಟ್ಟದಾ? ನನ್ನ ಅಭಿಪ್ರಾಯ ಹೇಳ್ತೀನಿ. ಒಂದು ಜಾಗದಲ್ಲಿ ಆದ ಲಾಭ ನಿಜ, ಅದನ್ನು ಅಲ್ಲಗಳೆಯಲ್ಲ. ಆದರೆ ಅದನ್ನು ಯಾರೂ ಆರಿಸಿಕೊಂಡದ್ದಲ್ಲ, ಮತ್ತು ವಾಪಸ್ ತೆಗೆಯೋಕೆ ಆಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯಾರೂ ರಿವ್ಯೂ ಮಾಡದ ಕೋಡು ಪ್ರೊಡಕ್ಷನ್‌ನಲ್ಲಿ ಓಡ್ತಾ ಇದೆ, ರೋಲ್‌ಬ್ಯಾಕ್ ಇಲ್ಲ, ಸದ್ಯಕ್ಕೆ ಎರಡು ಬಗ್ ಸರಿಹೋಗಿವೆ. ಅದನ್ನು ನೋಡಿ ಇನ್ನೊಂದು ಸರ್ವರ್‌ಗೂ ಹಾಕೋಣ ಅನ್ನೋರನ್ನು ನಾನು ತಡೆಯುತ್ತೇನೆ.

ನಾವೂ ಊರು ಬಿಟ್ಟು ಬಂದವರು, ಹುಳವೂ ಹಾಗೇ ಅಂತ ಒಂದು ಹೋಲಿಕೆ ನಾಲಿಗೆ ತುದಿಯಲ್ಲಿದೆ ಅಂತ ಗೊತ್ತು. ನಾನದನ್ನು ಮಾಡಲ್ಲ. ವಲಸೆ ಬಂದ ಮನುಷ್ಯನ ಜೊತೆ ಮಾತಾಡಬಹುದು, ಲೆಕ್ಕ ಕೇಳಬಹುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮನುಷ್ಯರಿಗೂ ಅನ್ಯಾಯ, ಹುಳಕ್ಕೂ ಅನ್ಯಾಯ.

ನಮ್ಮ ಕರಾವಳಿಗೆ ಬರೋಣ. ನಾನು ಕುಂದಾಪುರ ಕಡೆಯವನು. ನಂಗ್ ಮೀನು ತಿಂದವರಿಗೆ ಗೊತ್ತು, ಚಪ್ಪಟೆಯಾಗಿ ಕೆಸರಿಗೆ ಅಂಟಿಕೊಂಡೇ ಬದುಕುತ್ತೆ. ಅದರ ಮುಖ್ಯ ಊಟ ಕೆಸರಿನ ಈ ಹುಳಗಳೇ. 1950ರ ದಶಕದಲ್ಲಿ ಕಲ್ಲಿಕೋಟೆಯಲ್ಲಿ ಕೂತು ಜಿ. ಶೇಷಪ್ಪ ಮತ್ತು ಬಿ.ಎಸ್. ಭೀಮಾಚಾರ್ ಆ ಮೀನಿನ ಬದುಕನ್ನು ವಿವರವಾಗಿ ಬರೆದರು. ಅದಕ್ಕೂ ಮೊದಲು, 1953ರಲ್ಲಿ, ಶೇಷಪ್ಪನವರು ಮಲಬಾರಿನ ಕೆಸರುದಿಬ್ಬಗಳಲ್ಲಿರುವ ಫಾಸ್ಫೇಟ್ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಎಪ್ಪತ್ತು ವರ್ಷ ಹಿಂದೆ, ನಮ್ಮ ಪಕ್ಕದ ತೀರದಲ್ಲಿ, ಕೆಸರು ಗೊಬ್ಬರದ ಉಗ್ರಾಣ ಅನ್ನೋ ದಿಕ್ಕಿನಲ್ಲಿ ಯೋಚನೆ ಮಾಡಿದವರು. ಈ ಹೆಸರುಗಳು ನಮ್ಮ ಶಾಲೆಯ ಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ನಮ್ಮ ಸಮುದ್ರಕ್ಕೂ ಉಸಿರಿನ ತೊಂದರೆ ಇದೆ. ಮಳೆಗಾಲದ ಗಾಳಿಗೆ ಆಳದ, ಆಮ್ಲಜನಕ ಕಮ್ಮಿ ಇರೋ ನೀರು ತೀರದ ಕಡೆ ಏರಿ ಬರುತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ತಳದಲ್ಲಿ ಆಮ್ಲಜನಕ ಪೂರ್ತಿ ಹೋಗೋದೂ ಉಂಟು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯೂ.ಎ. ನಖ್ವಿ ತಂಡ 2000ದಲ್ಲಿ ಇದು ತೀವ್ರವಾಗ್ತಿದೆ ಅಂತ ಎಚ್ಚರಿಸಿತು. ಆದರೆ ಬಾಲ್ಟಿಕ್‌ಗೂ ನಮಗೂ ಒಂದು ದೊಡ್ಡ ವ್ಯತ್ಯಾಸ: ನಮ್ಮ ತಳದಲ್ಲಿ ಹುಳಗಳ ಜಾತಿಗಳು ಬೇಕಾದಷ್ಟಿವೆ, ಆಳಕ್ಕೆ ಕೊರೆಯುವವೂ ಇವೆ. ಖಾಲಿ ಕುರ್ಚಿ ಇಲ್ಲದ ಕಡೆ ಹೊಸಬ ಬಂದು ಇಡೀ ಆಫೀಸು ಬದಲಾಯಿಸೋದು ಕಷ್ಟ. ಅಳಿವೆಗಳ ಬಗ್ಗೆ ಮಾತ್ರ ನನಗೆ ಅಷ್ಟು ಧೈರ್ಯ ಇಲ್ಲ. ಅಲ್ಲಿ ಉಪ್ಪು ಏರಿಳಿಯುತ್ತೆ, ಬದುಕೋ ಜಾತಿಗಳೂ ಕಮ್ಮಿ.

ಬಾಗಿಲು ತೆರೆದೇ ಇತ್ತು ಅನ್ನೋದೂ ನಿಜ. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿದು ಬರುತ್ತಿತ್ತು. 2005ರ ಕೊನೆಗೆ ಗಣಿ ನಿಂತಿತು. ಅದಿರು ತುಂಬೋಕೆ ಬರೋ ಹಡಗು ಖಾಲಿ ಬರುತ್ತೆ. ಖಾಲಿ ಹಡಗು ಸಮತೋಲನಕ್ಕೆ ಹೊಟ್ಟೆ ತುಂಬ ನೀರು ತುಂಬಿಕೊಂಡು ಬರುತ್ತೆ, ಸರಕು ಹತ್ತಿದ ಹಾಗೆ ಆ ನೀರನ್ನು ಹೊರಗೆ ಬಿಡುತ್ತೆ. ಅಷ್ಟು ವರ್ಷ ಆ ನೀರಿನಲ್ಲಿ ಏನು ಬಂತು ಅಂತ ನಾವು ಯಾರೂ ಕೇಳಲಿಲ್ಲ, ಅದಿರು ಹೋಗೋದನ್ನೇ ಎಣಿಸುತ್ತಾ ಕೂತಿದ್ದೆವು. ಬ್ಯಾಲಾಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ ಬರೆದದ್ದು 2004ರಲ್ಲಿ, ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 8ಕ್ಕೆ. ಹದಿಮೂರು ವರ್ಷ. ಮಾರೆಂಜೆಲ್ಲೇರಿಯಾ ಅರ್ಧ ಬಾಲ್ಟಿಕ್ ದಾಟೋಕೆ ಐದಾರು ವರ್ಷ ಸಾಕಾಗಿತ್ತು.

ಫರೀದಾಬಾದ್‌ನವರು ಎನ್‌ಎಚ್-4 ಕಡೆ ಓಡಾಡುವಾಗ ಸಸ್ಯ ಸಂರಕ್ಷಣೆ ಮತ್ತು ಕ್ವಾರಂಟೈನ್ ನಿರ್ದೇಶನಾಲಯದ ಬೋರ್ಡ್ ನೋಡಿರಬಹುದು. ದೇಶದೊಳಕ್ಕೆ ಬರೋ ಬೀಜ, ಗಿಡ, ಮರದ ಜೊತೆ ಕೀಟ ರೋಗ ಬರದ ಹಾಗೆ ನೋಡಿಕೊಳ್ಳೋ ವ್ಯವಸ್ಥೆಯ ಮುಖ್ಯ ಕಚೇರಿ ಅದು. ಅದರ ಮೂಲ ಕಾನೂನು 1914ರದ್ದು. ಒಂದು ಸೇಬಿನ ಗಿಡ ಬೇಕಾದರೆ ಪರ್ಮಿಟ್, ಪ್ರಮಾಣಪತ್ರ, ತಪಾಸಣೆ. ಅದೇ ಬಂದರಿನಲ್ಲಿ ಹಡಗಿನ ಹೊಟ್ಟೆಯ ಸಾವಿರಾರು ಟನ್ ಜೀವಂತ ನೀರಿಗೆ ಶತಮಾನದ ಬಹುಪಾಲು ಯಾವ ಚೀಟಿಯೂ ಬೇಕಿರಲಿಲ್ಲ. ಹೊಲಕ್ಕೆ ಯಜಮಾನ ಇದ್ದಾನೆ, ಬೆಳೆ ಹೋದರೆ ಕೂಗುತ್ತಾನೆ. ಸಮುದ್ರದ ಕೆಸರಿಗೆ ಯಾರು ಕೂಗಬೇಕು?

ಕೊನೆಗೆ, ಮೊನ್ನೆ ಗೆಳೆಯನೊಬ್ಬ ಕೇಳಿದ ಪ್ರಶ್ನೆ: "ಇಂಥ ಹುಳ ತಂದು ಬೆಳ್ಳಂದೂರು ಕೆರೆಗೆ ಬಿಟ್ಟರೆ ಹೆಂಗೆ ಮಾರಾಯಾ?" ನಗ್ತಾ ಕೇಳಿದ, ಆದರೆ ಅರ್ಧ ನಿಜವಾಗಿಯೇ ಕೇಳಿದ. ಬಾಲ್ಟಿಕ್ ಹುಳಕ್ಕೆ ಉಪ್ಪು ಬೇಕು, ಅದು ಬದುಕಲ್ಲ, ಅದು ಬೇರೆ ಮಾತು. ಬದುಕೋ ಹುಳವೇ ಸಿಕ್ಕಿದರೂ, ಬೆಳ್ಳಂದೂರಿನ ತಳಕ್ಕೆ ದಶಕಗಳಿಂದ ಊರಿನ ಕೊಳಚೆಯೆಲ್ಲ ಇಳಿದಿದೆ. ಮೇಲಿನ ನೀರಿನಲ್ಲೇ ಆಮ್ಲಜನಕ ಇಲ್ಲದಾಗ ಹುಳ ಮಾಡೋದು ಒಂದೇ ಕೆಲಸ, ತಳದ್ದನ್ನು ಮೇಲೆ ತರೋದು. ಮೊದಲು ಬರೋ ಕೊಳಚೆ ನಿಲ್ಲಬೇಕು. ನಿಂತ ಮೇಲೆ ಅಲ್ಲೇ ಇದ್ದ ಜೀವಿಗಳು ತಾವಾಗಿ ವಾಪಸ್ ಬರುತ್ತವೆ, ಆಮದು ಬೇಕಿಲ್ಲ.

ನನ್ನ ಜಾಡಿಗಳ ಕಥೆ ಮುಗಿಸ್ತೀನಿ. ಅಕ್ವೇರಿಯಂ ಕಿಟ್‌ನಿಂದ ಎರಡರ ಫಾಸ್ಫೇಟನ್ನೂ ವಾರಕ್ಕೊಮ್ಮೆ ಅಳೆದೆ. ಹುಳ ಇದ್ದ ಜಾಡಿಯಲ್ಲಿ ಮೊದಲೆರಡು ವಾರ ಜಾಸ್ತಿ ಬಂತು, ಆಮೇಲೆ ಇಳಿಯಿತು. ಇದನ್ನು ಸಾಕ್ಷಿ ಅಂತ ಹಿಡಿಯಬೇಡಿ, ಬಣ್ಣ ನೋಡಿ ಅಂದಾಜು ಮಾಡೋ ಕಿಟ್ಟು, ಇದ್ದದ್ದೂ ಎರಡೇ ಜಾಡಿ. ಏಳನೇ ವಾರ ಬಾಲ್ಕನಿ ಬಿಸಿಲಿಗೆ ಹುಳಗಳು ಸತ್ತವು, ಎರಡೇ ದಿನದಲ್ಲಿ ಕಂದು ಗೆರೆಗಳೆಲ್ಲ ಮಾಸಿ ಕಪ್ಪಾದವು. ಅದನ್ನು ನೋಡಿ ನಿಜವಾಗಲೂ ಬೇಜಾರಾಯಿತು. ಕೆಸರನ್ನು ಕಾಲುವೆಗೆ ವಾಪಸ್ ಸುರಿಯಲಿಲ್ಲ, ಅಂಗಡಿ ಹುಳದ ಜೊತೆ ಏನೇನು ಬಂದಿತ್ತೋ ಗೊತ್ತಿಲ್ಲವಲ್ಲ. ತಗಡಿನ ಮೇಲೆ ಹರಡಿ ಪೂರ್ತಿ ಒಣಗಿಸಿ, ಚೀಲಕ್ಕೆ ಕಟ್ಟಿ ಕಸದ ಗಾಡಿಗೆ ಕೊಟ್ಟೆ. ಪ್ರಶ್ನೆಗಳಿದ್ದರೆ ಕಳಿಸಿ.